ಜುಲೈ ತಿಂಗಳ ಹಿಮ: ಕಿರುತೆರೆಯ ಕ್ರಿಸ್‌ಮಸ್ ಚಿತ್ರದಲ್ಲಿ ಮಾಯೆಯ ಲೆಕ್ಕ

ಎಲ್ಲರಿಗೂ ನಮಸ್ಕಾರ.

1951ರ ಡಿಸೆಂಬರ್ 24ರ ರಾತ್ರಿ ಅಮೆರಿಕದ ಎನ್‌ಬಿಸಿ ವಾಹಿನಿ ನ್ಯೂಯಾರ್ಕ್‌ನ ತನ್ನ ಸ್ಟುಡಿಯೊದಿಂದ ಒಂದು ಒಪೆರಾವನ್ನು ನೇರ ಪ್ರಸಾರ ಮಾಡಿತು. ಜಿಯಾನ್ ಕಾರ್ಲೊ ಮೆನೊಟ್ಟಿ ಟೆಲಿವಿಷನ್‌ಗೆಂದೇ ರಚಿಸಿದ 'ಅಮಾಲ್ ಅಂಡ್ ದಿ ನೈಟ್ ವಿಸಿಟರ್ಸ್' ಅದು. ಊರುಗೋಲಿಲ್ಲದೆ ನಡೆಯಲಾಗದ ಒಬ್ಬ ಹುಡುಗ, ಬಡ ತಾಯಿ, ರಾತ್ರಿ ತಂಗಲು ಬಂದ ಮೂವರು ಅರಸರು. ಅರಸರು ನೋಡಹೊರಟ ಕೂಸು ಯೇಸುವಿಗೆ ಕೊಡಲು ಹುಡುಗನ ಬಳಿ ಬೇರೇನೂ ಇಲ್ಲ. ಊರುಗೋಲನ್ನೇ ಮುಂದೆ ಚಾಚುತ್ತಾನೆ. ಚಾಚಿದ ಮೇಲೆ ತಾನು ಕೋಲಿಲ್ಲದೆ ನಿಂತಿದ್ದೇನೆಂದು ಅವನಿಗೇ ಅರಿವಾಗುತ್ತದೆ. ಇಡೀ ಒಪೆರಾದಲ್ಲಿ ಪವಾಡ ಅಷ್ಟೇ. ನೇರ ಪ್ರಸಾರವಾದ್ದರಿಂದ ತಂತ್ರದ ಚಮತ್ಕಾರಕ್ಕೆ ಹೆಚ್ಚು ಆಸ್ಪದವಿರಲಿಲ್ಲ, ಅದರ ಅಗತ್ಯವೂ ಬೀಳಲಿಲ್ಲ. ಒಬ್ಬ ಹುಡುಗ ನಾಲ್ಕು ಹೆಜ್ಜೆ ನಡೆದರೆ ಖರ್ಚೇನು?

ಆ ಪ್ರಸಾರದ ಪ್ರಾಯೋಜಕರು ಶುಭಾಶಯ ಪತ್ರಗಳ ಹಾಲ್‌ಮಾರ್ಕ್ ಕಂಪನಿ. ಅವರ 'ಹಾಲ್‌ಮಾರ್ಕ್ ಹಾಲ್ ಆಫ್ ಫೇಮ್' ಸರಣಿ ಶುರುವಾದದ್ದೂ ಅದೇ ರಾತ್ರಿ. ಅದೇ ಬಳಗದ ಹಾಲ್‌ಮಾರ್ಕ್ ಚಾನೆಲ್ 2009ರಿಂದ 'ಕೌಂಟ್‌ಡೌನ್ ಟು ಕ್ರಿಸ್‌ಮಸ್' ಹೆಸರಿನಲ್ಲಿ ವರ್ಷವರ್ಷವೂ ಹೊಸ ಚಿತ್ರಗಳ ಸಾಲು ಹರಿಸುತ್ತ ಬಂದಿದೆ. ಈಗ ಅಕ್ಟೋಬರ್ ಮುಗಿಯುವ ಮೊದಲೇ ಅಲ್ಲಿ ಕ್ರಿಸ್‌ಮಸ್ ಶುರು. ಪುಟ್ಟ ಊರು, ಮುಚ್ಚುವ ಅಂಚಿಗೆ ಬಂದ ಅಂಗಡಿ, ದುಃಖ ನುಂಗಿಕೊಂಡ ಅಪ್ಪನೋ ಅಮ್ಮನೋ, ಚೂಟಿಯಾದ ಮಗು, ಎಲ್ಲಿಂದಲೋ ಬಂದ ಬಿಳಿಗಡ್ಡದ ಹಿರಿಯ. ನಗುವವರು ನಗಲಿ, ಈ ಅಚ್ಚಿನಲ್ಲಿ ಒಳ್ಳೆಯ ಚಿತ್ರ ತೆಗೆಯುವುದು ಹೊರಗಿಂದ ಕಂಡಷ್ಟು ಸಲೀಸಲ್ಲ.

ಇವತ್ತಿನ ಮಾತು ಇಷ್ಟು: ಈ ಚಿತ್ರಗಳಲ್ಲಿ ಮಾಯೆ ಯಾಕೆ ಅಷ್ಟು ಸಣ್ಣದಾಗಿರುತ್ತದೆ? ಹದಿನೈದು ದಿನದ ಶೂಟಿಂಗ್, ಎಂಟು ಜಾಹೀರಾತು ಬ್ರೇಕು, ಜುಲೈ ತಿಂಗಳ ಬಿಸಿಲು, ಇವು ಮೂರೂ ಸೇರಿ ಮಾಯೆಯ ರೆಕ್ಕೆ ಕತ್ತರಿಸುತ್ತವೆ. ಹಾಗೆ ಕತ್ತರಿಸಿದ್ದರಿಂದಲೇ ಅದು ಮನೆಯೊಳಗೆ ನಡೆದಾಡುವಂತಾಯಿತು ಎಂಬುದು ನನ್ನ ವಾದ.

ಮೊದಲು ಗಡಿಯಾರ. ವಾಹಿನಿ ಕೊಡುವುದು ಎರಡು ಗಂಟೆಯ ಸ್ಲಾಟ್. ಅದರಲ್ಲಿ ಚಿತ್ರಕ್ಕೆ ಸಿಗುವುದು 84ರಿಂದ 86 ನಿಮಿಷ, ಮಿಕ್ಕಿದ್ದು ಜಾಹೀರಾತಿಗೆ. ಚಿತ್ರಕಥೆ ಸುಮಾರು 100–105 ಪುಟ. ಅದನ್ನು ಒಂಬತ್ತು ಅಂಕಗಳಾಗಿ ಕಡಿಯುತ್ತಾರೆ, ನಡುವೆ ಎಂಟು ಬ್ರೇಕ್. ಅಂಕಗಳು ಸಮನಾಗಿರುವುದಿಲ್ಲ. ಮೊದಲನೆಯದು 18–20 ನಿಮಿಷ ಎಳೆಯುತ್ತದೆ, ಏಕೆಂದರೆ ನೋಡುವವರು ಕುರ್ಚಿಗೆ ಅಂಟುವ ಮೊದಲು ಸಾಬೂನಿನ ಜಾಹೀರಾತು ಹಾಕಿದರೆ ರಿಮೋಟ್ ಬೇರೆ ಕಡೆ ತಿರುಗುತ್ತದೆ. ನಂತರದವು ಏಳೆಂಟು ನಿಮಿಷದ ತುಂಡುಗಳು. ಗಂಟೆ ಮುಗಿಯುವ ಹೊತ್ತಿನ, ಅಂದರೆ ನಡುಮಧ್ಯದ ಬ್ರೇಕ್ ಬಹಳ ಅಪಾಯದ ಜಾಗ. ಆಗಲೇ ಬೇರೆ ವಾಹಿನಿಗಳಲ್ಲಿ ಹೊಸ ಕಾರ್ಯಕ್ರಮಗಳು ಶುರುವಾಗುವುದು. ಹಾಗಾಗಿ ಕಥೆಯ ಅತಿ ದೊಡ್ಡ ತಿರುವನ್ನು ಅದರ ಬಾಗಿಲಲ್ಲೇ ನಿಲ್ಲಿಸಬೇಕು. ನಮ್ಮ ಧಾರಾವಾಹಿಗಳಿಗೆ ಬರೆಯುವವರಿಗೆ ಇದು ಹೊಸದೇನಲ್ಲ. ಕಂತಿನ ಕೊನೆಗೆ ಕದ ತಟ್ಟಿದ ಸದ್ದು, ತಿರುಗಿದ ಮುಖ, ಮೂರು ಸಲ ಝೂಮ್. ಇಲ್ಲಿ ಝೂಮ್ ಇರುವುದಿಲ್ಲ, ಅಷ್ಟೇ ವ್ಯತ್ಯಾಸ.

ಈಗ ಈ ಗಡಿಯಾರದೊಳಗೆ ಮಾಯೆಯನ್ನು ಹೇಗೆ ಕೂರಿಸುವುದು? ಒಂದು ಕಲ್ಪಿತ ಕಥೆ ಕಟ್ಟಿಯೇ ನೋಡೋಣ.

ಕೆನಡಾದ ಒಂಟಾರಿಯೊ ಕಡೆಯ ಒಂದು ಸಣ್ಣ ಊರು. ಅಲ್ಲೊಂದು ಗಡಿಯಾರ ರಿಪೇರಿ ಅಂಗಡಿ. ಅಂಗಡಿಯಾತ ತೀರಿಕೊಂಡು ಒಂದು ವರ್ಷವಾಗಿದೆ. ಹೆಂಡತಿ ಅಂಗಡಿ ನಡೆಸುತ್ತಿದ್ದಾಳೆ, ಒಂಬತ್ತು ವರ್ಷದ ಮಗಳಿದ್ದಾಳೆ. ಬಾಗಿಲ ಮೇಲೆ, ಗಿರಾಕಿ ಬಂದರೆ ಸದ್ದು ಮಾಡಲೆಂದು ಕಟ್ಟಿದ ಒಂದು ಹಿತ್ತಾಳೆಯ ಪುಟ್ಟ ಗಂಟೆ. ಡಿಸೆಂಬರ್ ಮೊದಲ ವಾರದಲ್ಲಿ ಒಬ್ಬ ಅಪರಿಚಿತ ಹಿರಿಯ ಒಂದು ಹಳೆಯ ಜೇಬುಗಡಿಯಾರ ರಿಪೇರಿಗೆ ಕೊಟ್ಟು ಹೋಗುತ್ತಾನೆ. ಅಂದಿನಿಂದ ಆ ಗಂಟೆ, ಅಂಗಡಿಯೊಳಗೆ ಯಾರಾದರೂ ಮನಸ್ಸಿನಲ್ಲಿ ಬಚ್ಚಿಟ್ಟ ಮಾತು ಆಡಿದಾಗೆಲ್ಲ, ಬಾಗಿಲು ತೆರೆಯದೆಯೇ ಒಮ್ಮೆ ಕಿಣಿ ಎನ್ನುತ್ತದೆ. ಮಗುವಿಗೆ ಮಾತ್ರ ಅದರ ಅರ್ಥ ಹೊಳೆಯುತ್ತದೆ.

ಇದನ್ನು ಯಾಕೆ ಆರಿಸಿಕೊಂಡೆ ಎಂದರೆ ಮಾಯೆಗೆ ಬೇಕಾದ ಕಟ್ಟುಪಾಡೆಲ್ಲ ಇದರಲ್ಲಿದೆ. ವಸ್ತು ಒಂದೇ. ನಿಯಮ ಒಂದೇ, ಮಗುವೂ ಒಂದು ವಾಕ್ಯದಲ್ಲಿ ಹೇಳಬಲ್ಲದ್ದು. ಗಡಿಯಾರ ರಿಪೇರಿಯಾಗಿ ಹಿರಿಯ ಬಂದು ಒಯ್ಯುವ ದಿನ, ಅಂದರೆ ಕ್ರಿಸ್‌ಮಸ್ ಹಿಂದಿನ ಸಂಜೆ, ಇದಕ್ಕೆ ಗಡುವು. ಎಲ್ಲಕ್ಕಿಂತ ಮುಖ್ಯವಾಗಿ, ನಂಬದವರಿಗೂ ಒಂದು ಸಬೂಬು ಉಳಿದಿದೆ: ಗಾಳಿ ಬೀಸಿರಬಹುದು, ಹಳೆಯ ಕಟ್ಟಡ, ಮೇಲೆ ಯಾರೋ ನಡೆದಿರಬಹುದು. ಈ ಸಬೂಬನ್ನು ಕೊನೆಯ ತನಕ ಕಾಪಾಡಬೇಕು. ಗಂಟೆಯಿಂದ ಚಿನ್ನದ ಕಿಡಿಗಳು ಉದುರಿದ ಗಳಿಗೆಗೇ ತಾಯಿಯ ಅನುಮಾನಕ್ಕೆ ನೆಲೆಯಿಲ್ಲದಾಗುತ್ತದೆ. ಅನುಮಾನವಿಲ್ಲದ ತಾಯಿಗೆ ಬದಲಾಗಲು ಏನೂ ಇರುವುದಿಲ್ಲ.

ನಿಯಮ ಮೊದಲ ಅಂಕದಲ್ಲೇ ಸ್ಥಾಪನೆಯಾಗಬೇಕು. ಒಂದು ಸಲ ತೋರಿಸಿದರೆ ಕಾಕತಾಳೀಯ, ಎರಡನೆಯ ಸಲ ಗುಮಾನಿ, ಮೂರನೆಯ ಸಲ ನಿಯಮ. ಮೂರನ್ನೂ ಇಪ್ಪತ್ತು ನಿಮಿಷದೊಳಗೆ ಮುಗಿಸಿ. ಪೋಸ್ಟ್‌ಮ್ಯಾನ್ ತನ್ನ ನಿವೃತ್ತಿಯ ಭಯ ಬಾಯಿಬಿಟ್ಟಾಗ ಒಂದು ಸಲ. ಪಕ್ಕದ ಬೇಕರಿಯಾಕೆ ತನ್ನ ಅಕ್ಕನ ಜೊತೆ ಮಾತು ಬಿಟ್ಟದ್ದನ್ನು ಹೇಳಿದಾಗ ಇನ್ನೊಂದು ಸಲ. ಮೂರನೆಯದು ಮಗುವೇ ಪರೀಕ್ಷೆಗೆಂದು ಗಂಟೆಯ ಕೆಳಗೆ ನಿಂತು 'ನಾನು ಆ ಹೂದಾನಿ ಒಡೆದೆ' ಎಂದಾಗ. ಈಗ ಮೊದಲ ಬ್ರೇಕಿನ ಬಾಗಿಲು. ಮಗು ತಾಯಿಯನ್ನು ಗಂಟೆಯ ಕೆಳಗೆ ಕರೆತಂದು 'ಅಮ್ಮ, ನೀನು ಚೆನ್ನಾಗಿದ್ದೀಯಾ?' ಎನ್ನುತ್ತದೆ. 'ಚೆನ್ನಾಗಿದ್ದೀನಿ ಪುಟ್ಟಾ' ಎನ್ನುತ್ತಾಳೆ ತಾಯಿ. ಗಂಟೆ ಸುಮ್ಮನಿರುತ್ತದೆ. ಜಾಹೀರಾತು.

ಇಲ್ಲಿ ಮಾಯೆ ನಡೆಯದೇ ಇದ್ದುದೇ ಮಾಯೆ. ಒಂದು ರೂಪಾಯಿ ಖರ್ಚಿಲ್ಲ.

ಇಂಥ ಚಿತ್ರಕಥೆಗಳು ಕೆಡುವುದು ಹೆಚ್ಚಾಗಿ ಆರನೆಯ, ಏಳನೆಯ ಅಂಕದಲ್ಲಿ. ಬರೆಯುವವರು ಗಡುವಿನ ಒತ್ತಡಕ್ಕೆ ಮಾಯೆಯ ಕೈಯಲ್ಲೇ ಕೆಲಸ ಮಾಡಿಸಿಬಿಡುತ್ತಾರೆ. ಅಂಗಡಿಯ ಸಾಲ ತೀರಬೇಕೇ? ಹಿರಿಯನ ಗಡಿಯಾರದೊಳಗೆ ವಜ್ರ ಸಿಗುತ್ತದೆ. ಮುಗಿಯಿತು, ಕಥೆ ಸತ್ತಿತು. ಗಂಟೆ ಬಾಗಿಲು ತೋರಿಸಬೇಕು, ದಾಟುವುದು ಮನುಷ್ಯರ ಕೆಲಸ. ಬೇಕರಿಯಾಕೆ ಅಕ್ಕನಿಗೆ ಫೋನ್ ಮಾಡಬೇಕು, ಊರವರು ತಮ್ಮ ಕೆಟ್ಟು ನಿಂತ ಗಡಿಯಾರಗಳನ್ನು ಹುಡುಕಿ ತರಬೇಕು, ತಾಯಿ ಗಂಡನ ಕೋಟನ್ನು ಬೀರುವಿನಿಂದ ತೆಗೆಯಬೇಕು. ಇನ್ನೊಂದು ತಪ್ಪು, ನಿಯಮವನ್ನು ನಡುದಾರಿಯಲ್ಲಿ ಹಿಗ್ಗಿಸುವುದು. ಸತ್ಯಕ್ಕೆ ಬಾರಿಸುತ್ತಿದ್ದ ಗಂಟೆ ಎಂಟನೆಯ ಅಂಕದಲ್ಲಿ ಅಪಾಯದ ಮುನ್ಸೂಚನೆಗೂ ಬಾರಿಸಿದರೆ ಅದು ಬರೀ ಬರಹಗಾರನ ಸೇವಕ.

ತಡವಾಗಿ ಬಂದು ಸೋಫಾದಲ್ಲಿ ಕೂತವರಿಗೆ ನಿಯಮ ಗೊತ್ತಿರುವುದಿಲ್ಲ ಎಂಬ ಸಮಸ್ಯೆಯೂ ಇದೆ. ಹಾಗಾಗಿ ಹೆಚ್ಚುಕಡಿಮೆ ಪ್ರತಿ ಅಂಕದಲ್ಲೂ ಒಂದು ಮರುನೆನಪು ಬೇಕು. ಅದನ್ನು ಮಾತಿನಲ್ಲಿ ಹೇಳಿಸಿದರೆ ಮೊದಲಿನಿಂದ ನೋಡುತ್ತಿದ್ದವರು ಆಕಳಿಸುತ್ತಾರೆ. ಕ್ರಿಯೆಯಲ್ಲಿ ತೋರಿಸಬೇಕು: ಮಗು ಯಾರ ಮಾತಿನ ನಡುವೆಯೂ ಮೇಲೆ ನೋಡುತ್ತದೆ, ಅಷ್ಟು ಸಾಕು.

ಇನ್ನು ಗಂಟೆಯ ಕೆಲಸಗಾರಿಕೆ. ಗಂಟೆ ಮೂರು ಬೇಕು. ಕ್ಯಾಮೆರಾದ ಹತ್ತಿರಕ್ಕೆ ಒಂದು, ಬಿದ್ದು ನೆಗ್ಗಿದರೆ ಎಂದು ಅದರದೇ ಪ್ರತಿ ಇನ್ನೊಂದು, ನಾಲಿಗೆ ಕಿತ್ತ ಮೂಕ ಗಂಟೆ ಮತ್ತೊಂದು. ಹೆಚ್ಚಿನ ಟೇಕ್‌ಗಳಲ್ಲಿ ಅಲ್ಲಾಡುವುದು ಮೂಕನೇ. ನಿಜದ ಗಂಟೆ ಬಾರಿಸಿದರೆ ಅದರ ಅನುರಣನ ಮುಂದಿನ ಸಂಭಾಷಣೆಯ ಮೇಲೆ ಕೂರುತ್ತದೆ. ಆಮೇಲೆ ಎಡಿಟಿಂಗ್‌ನಲ್ಲಿ ಸಾಲು ಹಿಂದುಮುಂದು ಮಾಡಲು ಆಗುವುದಿಲ್ಲ. ಅಲ್ಲಾಡಿಸುವುದು ಮೀನು ಹಿಡಿಯುವ ನೈಲಾನ್ ದಾರ. ದಾರ ಬೆಳಕಿಗೆ ಹೊಳೆದರೆ ಅದರ ಮೇಲೆ ಕಪ್ಪು ಮಾರ್ಕರ್ ಎಳೆಯುತ್ತಾರೆ. ಸದ್ದನ್ನು ಬೇರೆಯಾಗಿ ಐದಾರು ಬಗೆಯಲ್ಲಿ ಮುದ್ರಿಸಿಟ್ಟುಕೊಳ್ಳುವುದು ಜಾಣತನ, ಏಕೆಂದರೆ ಪೋಸ್ಟ್‌ಮ್ಯಾನ್‌ಗೆ ಬಾರಿಸಿದ ಗಂಟೆಗೂ ಕೊನೆಗೆ ತಾಯಿಗೆ ಬಾರಿಸುವ ಗಂಟೆಗೂ ತೂಕ ಬೇರೆ ಇರಬೇಕು. ದಯವಿಟ್ಟು ಅದರ ಹಿಂದೆ ಆ ಜಲಜಲ ಎನ್ನುವ ಲೋಹದ ಕಡ್ಡಿಗಳ ಸದ್ದು ಸೇರಿಸಬೇಡಿ. ಮಾಯೆ ಎಂದರೆ ಆ ಸದ್ದೇ ಎನ್ನುವಷ್ಟು ಅದು ಸವೆದಿದೆ.

ಈ ಚಿತ್ರಗಳ ಇನ್ನೊಂದು ಪ್ರಿಯ ವಸ್ತು ಹಿಮದ ಗಾಜುಗೋಲ, ಅಲುಗಿಸಿದರೆ ಒಳಗೆ ಹಿಮ ಸುರಿಯುವ ಆಟಿಕೆ. ವಿಯೆನ್ನಾದಲ್ಲಿ ಶಸ್ತ್ರಚಿಕಿತ್ಸೆಯ ಉಪಕರಣ ಮಾಡುತ್ತಿದ್ದ ಎರ್ವಿನ್ ಪೆರ್ಜಿ 1900ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಅವನು ಹೊರಟದ್ದು ದೀಪದ ಬೆಳಕು ಹೆಚ್ಚಿಸಲು. ನೀರು ತುಂಬಿದ ಗೋಲದೊಳಗೆ ಬೆಳಕು ಚದುರಲೆಂದು ರವೆ ಹಾಕಿ ನೋಡಿದಾಗ ಅದು ಹಿಮದಂತೆ ಇಳಿಯಿತಂತೆ. ಉಪ್ಪಿಟ್ಟಿನ ರವೆಯೇ! ಚಿತ್ರೀಕರಣಕ್ಕೆ ಮಾತ್ರ ಇದು ಕಿರಿಕಿರಿಯ ವಸ್ತು. ಬರೀ ನೀರಾದರೆ ಚೂರುಗಳು ದಡಬಡ ಬೀಳುತ್ತವೆ, ಸ್ವಲ್ಪ ಗ್ಲಿಸರಿನ್ ಬೆರೆಸಿದರೆ ನಿಧಾನಕ್ಕೆ ಇಳಿಯುತ್ತವೆ. ಗ್ಲಿಸರಿನ್ ಅತಿಯಾದರೆ ಗಂಟುಕಟ್ಟಿ ತಳ ಹಿಡಿಯುತ್ತವೆ. ನೀರನ್ನು ಕುದಿಸಿ ಆರಿಸಿ ತುಂಬದಿದ್ದರೆ ಬಿಸಿ ದೀಪದ ಕೆಳಗೆ ಗುಳ್ಳೆಗಳು ಮೂಡುತ್ತವೆ. ಗೋಲದ ಗಾಜಿನಲ್ಲಿ ಕ್ಯಾಮೆರಾ, ಛತ್ರಿದೀಪ, ಮೈಕ್ ಹಿಡಿದವ ಎಲ್ಲರೂ ಕಾಣುತ್ತಾರೆ. ಅದಕ್ಕೆ ಕಪ್ಪು ಬಟ್ಟೆಗೆ ಲೆನ್ಸ್‌ನಷ್ಟೇ ತೂತು ಕೊರೆದು ಅದರ ಹಿಂದೆ ನಿಲ್ಲಬೇಕು.

ಹಿಮದ ವಿಷಯಕ್ಕೆ ಬಂದೆ. ಇಲ್ಲಿಯೇ ಹಣ ಕರಗುವುದು.

ಅಕ್ಟೋಬರ್ ಕೊನೆಗೆ ಪ್ರಸಾರ ಶುರುವಾಗುವುದರಿಂದ ಬಹಳಷ್ಟು ಚಿತ್ರಗಳ ಶೂಟಿಂಗ್ ಬೇಸಿಗೆಯಲ್ಲೇ. ಬಜೆಟ್ ಸಾಮಾನ್ಯವಾಗಿ 20 ಲಕ್ಷ ಡಾಲರ್ ಆಸುಪಾಸು, ದಿನ ಹದಿನೈದು. ಹೆಚ್ಚಿನವು ಅಮೆರಿಕದ ಊರಿನ ಕಥೆ ಹೇಳಿ ಕೆನಡಾದಲ್ಲಿ ತಯಾರಾಗುತ್ತವೆ. ಅಲ್ಲಿನ ಕಾರ್ಮಿಕ ವೇತನದ ಒಂದು ಪಾಲನ್ನು ಕೇಂದ್ರ ಸರಕಾರವೂ ಪ್ರಾಂತ್ಯವೂ ತೆರಿಗೆ ರಿಯಾಯಿತಿಯಾಗಿ ಮರಳಿಸುತ್ತವೆ, ಡಾಲರಿನ ವಿನಿಮಯ ದರವೂ ಅನುಕೂಲಕರ. ಬ್ರಿಟಿಷ್ ಕೊಲಂಬಿಯಾದ ಫೋರ್ಟ್ ಲ್ಯಾಂಗ್ಲಿ, ಆಟವಾ ಬಳಿಯ ಆಲ್ಮಾಂಟ್, ಉತ್ತರ ಒಂಟಾರಿಯೊದ ನಾರ್ತ್ ಬೇ, ಇವೆಲ್ಲ ಹೀಗೆ ಪರದೆಯ ಮೇಲೆ ಹೆಸರು ಬದಲಿಸಿಕೊಂಡು ಬರುವ ಊರುಗಳು. ಬ್ರಿಟಿಷ್ ಕೊಲಂಬಿಯಾಕ್ಕೆ ಮತ್ತೊಂದು ಲಾಭ ಇದೆ: ಅಲ್ಲಿನ ಫರ್, ಸೀಡರ್ ಮರಗಳು ಜುಲೈಯಲ್ಲೂ ಡಿಸೆಂಬರ್‌ನಲ್ಲೂ ಒಂದೇ ಹಸಿರು. ಚಳಿಗಾಲಕ್ಕೆ ಎಲೆ ಉದುರಿಸುವ ಮೇಪಲ್ ಮರ ಫ್ರೇಮಿನೊಳಗೆ ಬಂದರೆ ಎಲ್ಲ ಗುಟ್ಟು ರಟ್ಟು. ಕ್ಯಾಮೆರಾವನ್ನು ಮರದ ಕೊಂಬೆಗಿಂತ ಕೆಳಗೆ ಹಿಡಿಯುವುದು, ಉದ್ದನೆಯ ಲೆನ್ಸ್‌ನಿಂದ ಹಿನ್ನೆಲೆ ಮಸುಕಾಗಿಸುವುದು, ಎಲೆಯ ಕೊಂಬೆಗೆ ಅಡ್ಡಲಾಗಿ ಹಾರ ತೂಗುಬಿಡುವುದು, ಇವೆಲ್ಲ ಅದಕ್ಕೇ.

ನೆಲಕ್ಕೆ ಹಾಸುವ ಹಿಮ ಪದರಪದರ. ಅಡಿಯಲ್ಲಿ ಬಿಳಿ ಪಾಲಿಯೆಸ್ಟರ್ ಕಂಬಳಿ, ದಿಂಬಿನೊಳಗೆ ತುಂಬುವಂಥದ್ದು, ಸುರುಳಿ ಬಿಚ್ಚಿ ಹಾಸುವುದು. ಅದರ ಅಂಚು ಮತ್ತು ಜೋಡಣೆ ಮುಚ್ಚಲು ಮೇಲೆ ಯಂತ್ರದಿಂದ ಊದುವ ಕಾಗದದ ಹಿಮ, ಅದು ಗಾಳಿಗೆ ಹಾರದಂತೆ ಪಿಚಕಾರಿಯ ತೇವ. ಪಾತ್ರಗಳು ಕೈಯಲ್ಲಿ ಹಿಡಿದು ಉಂಡೆ ಕಟ್ಟುವ ಜಾಗದಲ್ಲಿ ಮಾತ್ರ ಐಸ್ ತುರಿದು ಸುರಿಯುತ್ತಾರೆ. ಬಿಸಿಲಿಗೆ ಅದರ ಆಯಸ್ಸು ಕಡಿಮೆ, ಹಾಗಾಗಿ ರಿಹರ್ಸಲ್ ಮುಗಿದ ಮೇಲಷ್ಟೇ ತರಿಸಬೇಕು. ನೀರು ಹೀರಿ ಉಬ್ಬುವ ಪಾಲಿಮರ್ ಪುಡಿ ಹತ್ತಿರದ ಶಾಟ್‌ಗೆ ಚೆಂದ, ಮೆಟ್ಟಿಲ ಮೇಲೆ ಮಾತ್ರ ಬೇಡ. ಜಾರುತ್ತದೆ. ಬೀಳುವ ಹಿಮ ಸಾಮಾನ್ಯವಾಗಿ ನೊರೆ. ಯಂತ್ರ ಗದ್ದಲ ಮಾಡುತ್ತದೆ, ಆದ್ದರಿಂದ ಮಾತಿರುವ ದೃಶ್ಯದಲ್ಲಿ ದೂರವಿಟ್ಟು ಕೊಳವೆಯಲ್ಲಿ ತರಬೇಕು, ಇಲ್ಲವೇ ಡಬ್ಬಿಂಗ್‌ಗೆ ಸಿದ್ಧರಿರಬೇಕು. ನೊರೆ ರೆಪ್ಪೆಯ ಮೇಲೆ ಬಿದ್ದರೆ ಕರಗುವುದಿಲ್ಲ, ಗುಳ್ಳೆಯಂತೆ ಕೂತೇ ಇರುತ್ತದೆ. ಕ್ಲೋಸಪ್‌ನಲ್ಲಿ ಸಾಬೂನಿನ ಹುಡುಗಿ ಕಾಣುತ್ತಾಳೆ. ನಮ್ಮ ಸಿನಿಮಾದವರು ಟ್ಯಾಂಕರ್ ಮಳೆಯನ್ನು ಹಿಂದಿನಿಂದ ಬೆಳಕು ಕೊಟ್ಟು ಕಾಣಿಸುತ್ತಾರಲ್ಲ, ಹಿಮಕ್ಕೂ ಅದೇ ಸೂತ್ರ. ಎದುರಿನಿಂದ ಬೆಳಕು ಬಿದ್ದರೆ ಹಿಮ ಕಾಣುವುದೇ ಇಲ್ಲ.

ಶಬ್ದದ ಈ ತಲೆನೋವು ಹಳೆಯದು. ಒಂದು ಕಾಲಕ್ಕೆ ಹಾಲಿವುಡ್ಡಿನಲ್ಲಿ ಬಿಳಿ ಬಣ್ಣ ಬಳಿದ ಕಾರ್ನ್‌ಫ್ಲೇಕ್ಸ್ ಹಿಮವಾಗಿ ಸುರಿಯುತ್ತಿತ್ತು. ಕಾಲಿಟ್ಟರೆ ಚರಚರ. 'ಇಟ್ಸ್ ಎ ವಂಡರ್‌ಫುಲ್ ಲೈಫ್' ಚಿತ್ರವನ್ನು 1946ರ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೆಗೆದಾಗ ಆರ್‌ಕೆಒ ಸ್ಟುಡಿಯೊದ ರಸೆಲ್ ಶಿಯರ್‌ಮನ್ ಮತ್ತವರ ತಂಡ, ಬೆಂಕಿ ಆರಿಸಲು ಬಳಸುವ ಫೋಮೈಟ್ ನೊರೆಗೆ ಸಾಬೂನು, ನೀರು ಬೆರೆಸಿ ಮೌನ ಹಿಮ ತಯಾರಿಸಿತು. ಮಾತುಗಳನ್ನು ಸ್ಥಳದಲ್ಲೇ ಮುದ್ರಿಸುವುದು ಸಾಧ್ಯವಾಯಿತು. ಅದಕ್ಕೆ ಆಸ್ಕರ್ ಕೊಡುವ ಅಕಾಡೆಮಿಯ ತಾಂತ್ರಿಕ ಮನ್ನಣೆಯೂ ಸಿಕ್ಕಿತು. ಆ ಕಾಲದ ಇನ್ನೊಂದು ಹಿಮ ಆಸ್ಬೆಸ್ಟಾಸ್, ಶ್ವಾಸಕೋಶಕ್ಕೆ ಮಾರಕವಾದ ಖನಿಜದ ನಾರು. ಮನೆ ಅಲಂಕಾರಕ್ಕೂ ಪೆಟ್ಟಿಗೆಯಲ್ಲಿ ಮಾರುತ್ತಿದ್ದರು, ನೆನೆದರೆ ಮೈ ಜುಮ್ಮೆನ್ನುತ್ತದೆ. ಇದೇ ಚಿತ್ರದ ಹಕ್ಕು 1974ರಲ್ಲಿ ನವೀಕರಣವಾಗದೆ ಹೋದದ್ದರಿಂದ ಅಮೆರಿಕದ ಊರೂರ ಟಿವಿ ಕೇಂದ್ರಗಳು ಅದನ್ನು ಪುಕ್ಕಟೆಯಾಗಿ ಮತ್ತೆ ಮತ್ತೆ ಹಾಕಿದವು. ಕ್ರಿಸ್‌ಮಸ್‌ಗೆ ಮನೆಮಂದಿಯೆಲ್ಲ ಟಿವಿ ಮುಂದೆ ಕೂರುವ ರೂಢಿಗೆ ಅದರ ಪಾಲು ದೊಡ್ಡದು. ಅದರಲ್ಲೂ ಮಾಯೆ ಒಂದೇ: 'ನಾನು ಹುಟ್ಟಲೇಬಾರದಿತ್ತು' ಎಂದವನಿಗೆ ತಾನು ಹುಟ್ಟಿರದ ಲೋಕವನ್ನು ತೋರಿಸುವುದು.

ಕಿಟಕಿಯ ಗಾಜಿನ ಮೇಲಿನ ಮಂಜಿನ ಹೂಗಳಿಗೆ ಹಳೆಯ ಉಪಾಯವೇ ಒಳ್ಳೆಯದು. ಎಪ್ಸಂ ಸಾಲ್ಟನ್ನು ಬಿಸಿನೀರಿನಲ್ಲಿ ಇನ್ನು ಕರಗದು ಎನ್ನುವಷ್ಟು ಕರಗಿಸಿ ಗಾಜಿಗೆ ಬಳಿದರೆ, ಆರುತ್ತ ಹರಳುಗಟ್ಟುತ್ತದೆ. ಹಿಡಿತಕ್ಕೆ ನೀರಿನ ಬದಲು ಗ್ಯಾಸ್ ಹೋದ ಬಿಯರ್ ಹಾಕುವವರಿದ್ದಾರೆ.

ಮೂವತ್ತು ಡಿಗ್ರಿ ಬಿಸಿಲಿನಲ್ಲಿ ಉಣ್ಣೆ ಕೋಟು. ಕೋಟಿನ ಒಳಪದರ ಕತ್ತರಿಸಿ ತೆಗೆಯುತ್ತಾರೆ, ಸ್ವೆಟರಿನ ಬದಲು ಕಾಲರ್ ಮಾತ್ರ ಕೋಟಿಗೆ ಹೊಲಿಯುತ್ತಾರೆ, ಟೇಕ್‌ಗಳ ನಡುವೆ ಕುತ್ತಿಗೆಗೆ ಐಸ್ ಪೊಟ್ಟಣ. ಬೆವರು ಮೊದಲು ಕಾಣುವುದು ಮೇಲ್ತುಟಿಯ ಮೇಲೆ, ಮೇಕಪ್‌ನವರ ಕಣ್ಣು ಅಲ್ಲೇ ಇರಬೇಕು. ಬಿಸಿ ಚಾಕೊಲೇಟ್ ಲೋಟಗಳ ಬಗ್ಗೆ ನೋಡುಗರು ಬಹಳ ಕಾಲದಿಂದ ಗೇಲಿ ಮಾಡುತ್ತಾರೆ, ಸರಿಯಾಗಿಯೇ ಮಾಡುತ್ತಾರೆ. ಖಾಲಿ ಲೋಟವನ್ನು ಯಾವ ನಟನೂ ತುಂಬಿದಂತೆ ಹಿಡಿಯಲಾರ, ಮಣಿಕಟ್ಟು ಸುಳ್ಳು ಹೇಳುವುದಿಲ್ಲ. ಅರ್ಧ ಲೋಟ ತಣ್ಣೀರು ಹಾಕಿದರೆ ಸಾಕು.

ಸರಮಾಲೆ ದೀಪಗಳಲ್ಲಿ ಒಂದು ಎಚ್ಚರಿಕೆ. ಅಗ್ಗದ ಎಲ್‌ಇಡಿ ಸರಗಳು ಕರೆಂಟಿನ ಲಯಕ್ಕೆ ಮಿಣುಕುತ್ತವೆ. ಕಣ್ಣಿಗೆ ಕಾಣದ್ದು ಕ್ಯಾಮೆರಾಗೆ ಕಾಣುತ್ತದೆ. ಅಮೆರಿಕ, ಕೆನಡಾದಲ್ಲಿ 60 ಹರ್ಟ್ಸ್, ಅಲ್ಲಿ ಸೆಕೆಂಡಿಗೆ 24 ಫ್ರೇಮಿಗೆ ಷಟರ್ ಕೋನ (ಒಂದೊಂದು ಫ್ರೇಮಿಗೂ ಬೆಳಕು ಬೀಳುವ ಅವಧಿಯ ಅಳತೆ) 144 ಡಿಗ್ರಿ ಇಟ್ಟರೆ ಸರಿಹೋಗುತ್ತದೆ. ನಮ್ಮಲ್ಲಿ 50 ಹರ್ಟ್ಸ್, ಹಾಗಾಗಿ 172.8 ಡಿಗ್ರಿ. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ನಕ್ಷತ್ರದ ಗೂಡುದೀಪ ಇಟ್ಟು ಕ್ರಿಸ್‌ಮಸ್ ಕಿರುಚಿತ್ರ ತೆಗೆಯುವವರು ಈ ಎರಡನೆಯ ಸಂಖ್ಯೆ ಬರೆದಿಟ್ಟುಕೊಳ್ಳಿ. ದೀಪ ತಾನಾಗಿ ಹೊಳಪೇರುವ 'ಮಾಯೆ' ಬೇಕಿದ್ದರೆ ಎಲ್‌ಇಡಿಗಿಂತ ಹಳೆಯ ತಂತಿ ಬಲ್ಬ್, ಡಿಮ್ಮರ್ ಒಳ್ಳೆಯದು. ಅದು ಕೆಂಡದಂತೆ ಕೆಂಪಿನಿಂದ ಏರಿಬರುತ್ತದೆ. ಅಗ್ಗದ ಎಲ್‌ಇಡಿ ತಟಕ್ಕನೆ ಹತ್ತಿ ತಟಕ್ಕನೆ ಆರುತ್ತದೆ.

ಕೊನೆಯದಾಗಿ ಷೆಡ್ಯೂಲ್. ನೂರು ಪುಟ, ಹದಿನೈದು ದಿನ; ದಿನಕ್ಕೆ ಏಳು ಪುಟ. ದೊಡ್ಡ ಸಿನಿಮಾದವರು ಎರಡು ಮೂರು ಪುಟಕ್ಕೇ ಸುಸ್ತಾಗುತ್ತಾರೆ. ಮಗು ಕೆಲಸ ಮಾಡಬಹುದಾದ ಗಂಟೆಗಳಿಗೆ ಕಾನೂನಿನ ಮಿತಿಯಿದೆ. ನಮ್ಮ ಕಥೆಯಲ್ಲಿ ಮಗು ಹೆಚ್ಚುಕಡಿಮೆ ಎಲ್ಲ ದೃಶ್ಯಗಳಲ್ಲೂ ಇದೆ. ಇದರ ಜೊತೆಗೆ ಬೇಸಿಗೆಯ ಗಿಡ್ಡ ರಾತ್ರಿ: ಜೂನ್ ಕೊನೆಗೆ ವ್ಯಾಂಕೂವರ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂ ಇಪ್ಪತ್ತರ ಸುಮಾರಿಗೆ, ಮತ್ತೆ ಹುಟ್ಟುವುದು ಐದು ದಾಟುತ್ತಿದ್ದಂತೆ. ಮಗು ಮಲಗುವ ಹೊತ್ತಿಗೆ ಕತ್ತಲು ಶುರು. ಹಾಗಾಗಿ ಒಳಾಂಗಣದ ರಾತ್ರಿ ದೃಶ್ಯಗಳನ್ನೆಲ್ಲ ಹಗಲಿನಲ್ಲಿ, ಕಿಟಕಿಯ ಹೊರಗೆ ಕಪ್ಪು ಗುಡಾರ ಕಟ್ಟಿ ತೆಗೆಯುತ್ತಾರೆ. ಹೊರಗಿನ ನಿಜವಾದ ರಾತ್ರಿಯನ್ನು ಎರಡೋ ಮೂರೋ ದಿನಕ್ಕೆ ಇಳಿಸಿ ದೊಡ್ಡವರ ದೃಶ್ಯಗಳಿಗೆ ಮೀಸಲಿಡುತ್ತಾರೆ.

ಅಂಗಡಿಯ ಒಳಗಿನ ಕೊನೆಯ ದೃಶ್ಯವನ್ನು, ಆ ಸ್ಥಳ ಮೊದಲ ವಾರಕ್ಕಷ್ಟೇ ಸಿಕ್ಕಿದೆ ಎಂಬ ಕಾರಣಕ್ಕೆ ಎರಡನೆಯ ದಿನವೇ ತೆಗೆಯಲು ನಿರ್ಮಾಣದವರು ಒತ್ತಾಯಿಸುತ್ತಾರೆ. ಒಪ್ಪಬೇಡಿ. ತಾಯಿ ಮಗಳಾಗಿ ನಟಿಸುವವರಿಗೆ ಆಗ ಪರಸ್ಪರ ಪರಿಚಯವೇ ಸರಿಯಾಗಿ ಆಗಿರುವುದಿಲ್ಲ. ಬೇಕಿದ್ದರೆ ರಸ್ತೆಯ ದೃಶ್ಯಗಳನ್ನು ಮೊದಲ ವಾರಕ್ಕೆ ತಳ್ಳಿ, ಹಿಮದ ಸಾಮಗ್ರಿಯೂ ಒಮ್ಮೆಗೇ ಬಂದು ಒಮ್ಮೆಗೇ ಹೋಗುತ್ತದೆ, ಕಾಗದ ಗುಡಿಸುವ ಕೂಲಿ ಉಳಿಯುತ್ತದೆ. ಅಂಗಡಿಯನ್ನು ಹನ್ನೆರಡನೆಯ ದಿನಕ್ಕೆ ಇಡಿ. ಆ ದೃಶ್ಯದಲ್ಲಿ ಹಿರಿಯ ಗಡಿಯಾರ ಒಯ್ದಾಗಿದೆ, ಗಡುವು ಮುಗಿದಿದೆ. ತಾಯಿ ಬಾಗಿಲು ಹಾಕುತ್ತ ಮಗಳಿಗೆ ಬೆನ್ನು ಮಾಡಿ 'ನನಗೆ ಅವನಿಲ್ಲದೆ ಆಗ್ತಿಲ್ಲ ಕಣೇ' ಎನ್ನುತ್ತಾಳೆ. ಅವತ್ತು ಮೂಕ ಗಂಟೆ ಇಳಿಸಿ ನಿಜದ ಗಂಟೆಯನ್ನೇ ಕಟ್ಟಿ, ಯಾವ ಟೇಕ್‌ನಲ್ಲಿ ದಾರ ಎಳೆಯುತ್ತೀರೆಂದು ಇಬ್ಬರಿಗೂ ಹೇಳಬೇಡಿ.